ಯಲವಿಗಿ ಸ್ಟೇಷನ್ನಿನ ಬೆಂಚು

ಭಾನುವಾರ ಮಧ್ಯಾಹ್ನ ನಾನು ಯಲವಿಗಿ ಸ್ಟೇಷನ್ನಿಗೆ ಹೋಗುತ್ತೇನೆ, ಆದರೆ ರೈಲು ಹತ್ತುವುದಿಲ್ಲ. ಬೆಂಚಿನ ಮೇಲೆ ಕುಳಿತು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಬಂದು ಹೋಗುವ ಗಾಡಿ ನೋಡಿ ಸವಣೂರಿನ ಮನೆಗೆ ಮರಳುತ್ತೇನೆ. ಅಷ್ಟೇ.

ಇದು ಶುರುವಾದದ್ದು ಒಂದು ಎಣ್ಣೆನೀರಿನ ದಿನ. ಗಂಡ, ಮಕ್ಕಳು, ಅತ್ತೆ ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ಹಂಡೆಯಲ್ಲಿ ಬಿಸಿನೀರು ಉಳಿದಿರಲಿಲ್ಲ. ತಣ್ಣೀರು ಸುರಿದುಕೊಂಡು, ಸೀರೆ ಉಟ್ಟು, "ಹೊರಗ ಹೋಗಿ ಬರ್ತೇನಿ" ಎಂದು ಸ್ಕೂಟಿ ಹತ್ತಿದೆ. ರಸ್ತೆ ನನ್ನನ್ನು ಸ್ಟೇಷನ್ನಿಗೆ ಒಯ್ದಿತು.

"ಎಲ್ಲಿಗೆ ಹೊಂಟೀರಿ, ಅಕ್ಕಾರ?" ಎಂದು ಚಹಾದವನು ಕೇಳಿದ.

"ಎಲ್ಲಿಗೂ ಇಲ್ಲರಿ."

ಗಂಡನ ಜೊತೆ ಜಗಳವಾಡಿ ಬಂದವಳೆಂದುಕೊಂಡನೋ ಏನೋ, ಒಂದು ಮಿರ್ಚಿ ಹೆಚ್ಚಿಗೆ ಇಟ್ಟ. ಹೆಂಗಸು ಸುಮ್ಮನೆ ಕುಳಿತರೆ ಅದಕ್ಕೊಂದು ದುಃಖ ಬೇಕೇ ಬೇಕು. ಕಾಡಿಗೆ ತಪಸ್ಸಿಗೆ ಹೋದ ಋಷಿಗಳನ್ನು ಮಾತ್ರ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಯಾವ ಪುರಾಣದಲ್ಲೂ ಒಬ್ಬರೂ ಕೇಳಿಲ್ಲ.

ಕೆಲವು ವಾರ ಸುಖವಾಗಿ ಕಳೆದವು. ಆಮೇಲೊಂದು ಭಾನುವಾರ ನಾನು ಸ್ಟೇಷನ್ನಿನಲ್ಲಿದ್ದಾಗ ಮಗ ಪ್ರವೀಣ ಕಂಪೌಂಡ್ ಗೋಡೆಯಿಂದ ಬಿದ್ದು ಗದ್ದ ಒಡೆದುಕೊಂಡ. ಗಂಡ ದವಾಖಾನೆಗೆ ಒಯ್ದು ಹೊಲಿಗೆ ಹಾಕಿಸಿ ಬಂದಿದ್ದರು. ಫೋನ್ ಬಂದೊಡನೆ ಓಡಿಬಂದರೆ ಬಾಗಿಲಲ್ಲೇ ಅತ್ತೆ.

"ತಾಯಿ ಮನ್ಯಾಗ ಇಲ್ಲದಿದ್ದರ ಹಿಂಗ ಅಕ್ಕೈತಿ."

ಒಳಗೆ ಪ್ರವೀಣ ಬಿಸ್ಕಿಟ್ ತಿನ್ನುತ್ತ ಬ್ಯಾಂಡೇಜು ತೋರಿಸಿದ. "ಅವ್ವಾ, ನಾ ಅಳಲೇ ಇಲ್ಲ. ಅಪ್ಪಾನ ಅತ್ತ."

ಗಂಡ ಗೋಡೆ ನೋಡಿದರು. ನನಗೆ ಉಸಿರು ಬಂತು.

"ಹ್ವಾದ ವರ್ಷ ಇವ ಕೈ ಮುರಕೊಂಡಾಗ ನಾ ಇಲ್ಲೇ ಅಡಗಿಮನ್ಯಾಗ ಇದ್ನಿ, ಅತ್ತಿ," ಎಂದೆ. "ಇವತ್ತ ತಾಯಿ ಇರಲಿಲ್ಲ ಖರೆ. ತಂದಿ ಇದ್ರಲ್ಲರಿ."

ಅತ್ತೆ ಪ್ರವೀಣನ ಕೈಗೆ ಇನ್ನೊಂದು ಬಿಸ್ಕಿಟ್ ಕೊಟ್ಟರು. ಒಪ್ಪಿದರೆಂದೇನೂ ಅಲ್ಲ.

ಮುಂದಿನ ಭಾನುವಾರ ನಾನು ಹೋಗುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ನಾನೂ ಊಟದವರೆಗೆ ಹಾಗೇ ತಿಳಿದಿದ್ದೆ. ಆದರೆ ಇವತ್ತು ತಪ್ಪಿಸಿದರೆ ಇನ್ನೆಂದೂ ಹೊಸ್ತಿಲು ದಾಟಲಾರೆ ಎನ್ನಿಸಿ ಕೀಲಿಕೈ ತೆಗೆದುಕೊಂಡೆ.

"ಹುಡುಗನ ಗಾಯ ಇನ್ನಾ ಮಾಗಿಲ್ಲ," ಎಂದರು ಅತ್ತೆ.

"ಮಾಗ್ತೈತ್ರಿ. ಮುಲಾಮು ಅವರ ಕೈಯಾಗ ಕೊಟ್ಟೇನಿ."

ಗಂಡ ಆ ಟ್ಯೂಬನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಅಂದು ಬೆಂಚಿನ ಮೇಲೆ ಕುಳಿತದ್ದು ಹೆಸರಿಗಷ್ಟೇ. ಮಿರ್ಚಿ ಸಪ್ಪೆ, ಚಹಾ ಸಪ್ಪೆ, ಕಣ್ಣೆಲ್ಲ ಫೋನಿನ ಮೇಲೆ. ಗಾಡಿ ಬಂತು, ಹೋಯಿತು. ಫೋನು ಮಾತ್ರ ಬರಲಿಲ್ಲ. ನಿಮ್ಮೆದುರು ಮುಚ್ಚುಮರೆ ಯಾಕೆ, ನಾನಿಲ್ಲದೆಯೂ ಮನೆ ನಡೆಯುತ್ತಿದೆ ಎಂಬುದು ತುಸು ಚುಚ್ಚಿತು. ಇಷ್ಟು ವರ್ಷ ನನ್ನನ್ನು ಕಟ್ಟಿದ್ದ ಹಗ್ಗದ ಒಂದು ತುದಿಯನ್ನು ನಾನೇ ಬಿಗಿಯಾಗಿ ಹಿಡಿದಿದ್ದೆನೆಂದು ಆಗ ಗೊತ್ತಾಯಿತು.

ಎದ್ದು ಮನೆಗೆ ಓಡೋಣವೆನ್ನಿಸಿತು. ಓಡಲಿಲ್ಲ. ಇನ್ನೊಂದು ಚಹಾ ಹೇಳಿದೆ.