ಸಾವಿರಕ್ಕೆ ಐದು

ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ಟೇಬಲಿನ ಮುಂದೆ ನಿಂತು ಹನ್ನೊಂದು ವರ್ಷ ಸವೆಸಿದ ಹೆಂಗಸು ಅವಳು. ಷರ್ಟನ್ನು ಒಳಹೊರಗು ತಿರುವಿ, ಟ್ಯೂಬ್‌ಲೈಟಿಗೆ ಹಿಡಿದು, ಹೊಲಿಗೆ ಎಲ್ಲಿ ತಪ್ಪಿದೆ ಎಂದು ಹೇಳುವುದು ಕೆಲಸ. ಜೊತೆಯವರು ಇಟ್ಟ ಹೆಸರು ಭೂತಗನ್ನಡಿ. ಸೂಪರ್‌ವೈಸರನ ಬಾಯಿಗೆ ಹೆದರಿದವಳಲ್ಲ. ಹೆದರಿದ್ದು ಮೊದಲ ಹೆರಿಗೆಯಲ್ಲಿ. ಏನು, ಎತ್ತ ಎಂದು ಅವಳಿಗೊಂದು ಮಾತೂ ಹೇಳದೆ ಹೊಟ್ಟೆ ಕೊಯ್ದು ಮಗಳನ್ನು ತೆಗೆದಿದ್ದರು.

ನಾಲ್ಕು ವರ್ಷದ ಮೇಲೆ ಮತ್ತೆ ಬಸುರಾದಾಗ ಹಟ ಹಿಡಿದಳು: ಈ ಸಲ ಕತ್ತಿ ಬೇಡ, ನೋವು ತಿಂದು ಹೆರುತ್ತೇನೆ.

ಅತ್ತೆಗೆ ಖುಷಿಯೋ ಖುಷಿ. "ನಾನು ಐದು ಹೆತ್ತೆ. ಒಂದಕ್ಕಾದ್ರೂ ಆಸ್ಪತ್ರೆ ಮೆಟ್ಟಿಲು ಹತ್ತಿದ್ನಾ?"

"ಎರಡು ಉಳೀಲಿಲ್ವಲ್ಲ ಅತ್ತೆ, ಅದನ್ನೂ ಸೇರಿಸಿ ಹೇಳಿ."

ಅತ್ತೆ ಎದ್ದು ಒಲೆಯ ಕಡೆ ಹೋದರು.

ಮನೆ ಹತ್ತಿರದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು, "ಹಳೇ ಗಾಯ ಇದೆ, ಅಪಾಯ ಜಾಸ್ತಿ."

"ಜಾಸ್ತಿ ಅಂದ್ರೆ? ಸಾವಿರಕ್ಕೆ ಎಷ್ಟು ಮೇಡಂ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ಹಾಗೆ ಗಾಯ ಇದ್ದೂ ನೋವಿಗೆ ಬಿಟ್ಟ ಸಾವಿರ ಜನರಲ್ಲಿ ಸುಮಾರು ಐದು ಜನಕ್ಕೆ ಒಳಗೆ ಗಾಯ ಬಿಚ್ಚಿಕೊಳ್ಳುತ್ತೆ."

ಅಷ್ಟು ಸಾಕಾಯಿತು. ಸಾವಿರಕ್ಕೆ ಐದು ತಪ್ಪಿದ್ದರೆ ಅವಳ ಟೇಬಲಿನಲ್ಲಿ ಮಾಲು ಪಾಸು. ಮರುದಿನ ಫ್ಯಾಕ್ಟರಿಯಲ್ಲಿ ಅದನ್ನೇ ಸಾರಿಕೊಂಡು ಬಂದಳು.

ಕಾಲರ್ ಹೊಲಿಯುವ ಅಕ್ಕ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದಳು, "ಆ ಐದು ಷರ್ಟು ಏನ್ ಮಾಡ್ತೀಯೇ?"

"ವಾಪಸ್ ಕಳಿಸ್ತೀನಿ. ನೀವೇ ಬಿಚ್ಚಿ ಹೊಲೀತೀರಲ್ಲ."

"ನಿನ್ ಹೊಟ್ಟೆ ಬಿಚ್ಕೊಂಡ್ರೆ ನನ್ ಹತ್ರ ತರ್ತೀಯಾ? ಯಾರು ಹೊಲಿಯೋದು, ಎಷ್ಟು ಹೊತ್ತಲ್ಲಿ, ಕೇಳಿದ್ಯೇನೇ?"

ಕೇಳಿರಲಿಲ್ಲ. ಅರ್ಧ ದಿನದ ರಜೆ ಹಾಕಿ ಹೋಗಿ ಕೇಳಿದಳು. ಡಾಕ್ಟರಮ್ಮ ಮುಚ್ಚಿಡಲಿಲ್ಲ. ಅರಿವಳಿಕೆ ಕೊಡುವವರು ಅಲ್ಲಿಗೆ ವಾರದಲ್ಲಿ ಎರಡೇ ದಿನ ಬರುತ್ತಿದ್ದರು. ಹೆರಿಗೆ ನೋವೇನು ವಾರ ನೋಡಿಕೊಂಡು ಬರುತ್ತದೆಯೇ? ಉಳಿದ ದಿನ ಕರೆಸಿದರೆ ಒಂದು ಗಂಟೆ. ಗಾಯ ಬಿಚ್ಚಿದರೆ ಮಗು ಅಷ್ಟು ಕಾಯುವುದಿಲ್ಲ. ಮತ್ತೆ ಕೊಯ್ದರೆ? ಅದೂ ಪುಕ್ಕಟೆಯಲ್ಲ: ರಕ್ತ ಹೋಗಬಹುದು, ಮುಂದಿನ ಬಸಿರಿನಲ್ಲಿ ಮಾಸು ಹಳೇ ಗಾಯಕ್ಕೆ ಅಂಟಿಕೊಳ್ಳಬಹುದು. ಎಲ್ಲ ಕೇಳಿಸಿಕೊಂಡಳು. ನೋವಿಗೇ ಬಿಡುವುದಾದರೆ ಆಪರೇಷನ್ ಕೋಣೆ ಸದಾ ತಯಾರಿರುವ ಕಡೆ ಎಂದು ನಿರ್ಧರಿಸಿದಳು.

ಅಂಥದ್ದು ಇದ್ದದ್ದು ಎರಡು ಬಸ್ಸಿನ ದೂರದ ದೊಡ್ಡಾಸ್ಪತ್ರೆಯಲ್ಲಿ. "ಅಷ್ಟು ದೂರ ನಿನಗೆ ಊಟ ಹೊರೋರು ಯಾರು?" ಅಂದ ಗಂಡ. "ನೀನು," ಅಂದಳು. ಆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದ ಚಿಕ್ಕಮ್ಮನ ಒಂದೇ ಕೋಣೆಯ ಮನೆಯಲ್ಲಿ ದಿನ ತುಂಬುವ ಎರಡು ವಾರ ಮುಂಚೆಯೇ ಹೋಗಿ ಕೂತಳು.

ಬೆಳಗಿನ ಜಾವ ನೋವು ಹಿಡಿದು ಆಸ್ಪತ್ರೆ ಸೇರಿದಳು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು.

"ಕಾದರೆ ಏನು, ಕೊಯ್ದರೆ ಏನು, ಎರಡೂ ಹೇಳಿ," ಅಂದಳು, ಹಲ್ಲು ಕಚ್ಚಿಕೊಂಡು. ಅಲ್ಲಿನ ಡಾಕ್ಟರು ಮಂಚದ ಪಕ್ಕಕ್ಕೆ ಬಗ್ಗಿ ಹೇಳಿದರು. ಗಂಡ ಬಾಗಿಲ ಬಳಿ ಬೆವರುತ್ತಿದ್ದ.

"ಕೊಯ್ಯಿರಿ," ಅಂದಳು.

ಅಂದವಳು ಅತ್ತಳು. ಬಯಸಿದ ಹೆರಿಗೆ ಸಿಗಲಿಲ್ಲವೆಂದೇ ಅತ್ತಳು, ಅದಕ್ಕೆ ಬೇರೆ ಬಣ್ಣ ಹಚ್ಚುವುದು ಬೇಡ. ಕಾಲು ಗಂಟೆಯಲ್ಲಿ ಮಗನನ್ನು ಹೊರಗೆ ತೆಗೆದರು. ಮೊದಲು ನೀಲಿಗಟ್ಟಿದ್ದ, ಆಮೇಲೆ ಅತ್ತ.

ಹಳೇ ಗಾಯ ಕಾಗದದಷ್ಟು ತೆಳ್ಳಗಾಗಿತ್ತಂತೆ. ಸಂಜೆ ವಾರ್ಡಿಗೆ ಬಂದ ಡಾಕ್ಟರು ಗಂಡನನ್ನು ದಾಟಿ ನೇರ ಮಂಚದ ಹತ್ತಿರ ಬಂದು, ಅದನ್ನು ಅವಳಿಗೇ ಹೇಳಿದರು.