ಈರುಳ್ಳಿ ಸಿಪ್ಪೆಯಲ್ಲಿ ಕಂಡ ಕಪ್ಪು ಮಚ್ಚೆ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾಗಿದ್ದ ವಾರ. ಹಿಂದೂಪುರದ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಕಲ್ಯಾಣದುರ್ಗದಿಂದ ಗೆಳತಿ ಸುಶೀಲ ಫೋನ್ ಮಾಡಿದಳು. ಅವಳು ಅಲ್ಲೊಂದು ಶಾಲೆಯ ಹೆಡ್‌ಮಿಸ್ಟ್ರೆಸ್.

"ವಿಜ್ಞಾನ ಮೇಳ ಇಟ್ಕೊಂಡಿದ್ದೀವಿ ಕಣೆ. ತೀರ್ಪು ಕೊಡೋಕೆ ನೀನೇ ಬಾ. ಬತ್ತಾ ನಿಮ್ಮ ಮೈಕ್ರೋಸ್ಕೋಪೂ ತಗೊಂಬಾ. ನಮ್ಮದರ ಕನ್ನಡಿ ಒಡೆದೋಗಿದೆ."

ಮೇಳದ ದಿನ ಬೆಳಿಗ್ಗೆ ಚಿತ್ರಾನ್ನ ಕಲಸಿ ಮನೆಯವರಿಗೆ ಮುಚ್ಚಿಟ್ಟು, ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕುಲುಕಾಟಕ್ಕೆ ಮಸೂರ ಸಡಿಲವಾದೀತೆಂದು ದಾರಿಯುದ್ದಕ್ಕೂ ತಬ್ಬಿಕೊಂಡೇ ಕೂತಿದ್ದೆ.

ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರನ್ನು ಸುಶೀಲ ತೋರಿಸಿದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. "ಓಬಳೇಶಪ್ಪ ಅಂತ. ಕಂಬದೂರು ಕಡೆಯೋರು, ಕುರಿ ಸಾಕ್ತಾರೆ. ಮಗಳು ಶಿರೀಷಾ ಹತ್ತನೇ ಕ್ಲಾಸು. ಪರೀಕ್ಷೆ ಮಾಡೋ ಮೇಡಂ, ಅಂದ್ರೆ ನೀನು, ಇವಳ ಕೈಲಾಗ್ತದೆ ಅಂದ್ರೆ ಹತ್ತಾದ ಮೇಲೆ ಇಂಟರ್‌ನಾಗೆ ಸೈನ್ಸಿಗೆ ಸೇರಿಸ್ತಾರಂತೆ. ಇಲ್ಲಾಂದ್ರೆ ಹಿಂದೂಪುರದಾಗೆ ಅವರತ್ತೆ ಜೊತೆ ಗಾರ್ಮೆಂಟ್ಸಿಗೆ ಕಳಿಸ್ತಾರಂತೆ."

ಮೇಜಿನ ಮೇಲೆ ಈರುಳ್ಳಿ ಸಿಪ್ಪೆಯ ಸ್ಲೈಡ್ ಇಟ್ಟು, ಕನ್ನಡಿಯಿಂದ ಬೆಳಕು ಹಿಡಿದು, ತಿರುಪು ತಿರುಗಿಸಿ ನಾನೇ ಸರಿಮಾಡಿದೆ. ಮಕ್ಕಳು ಒಬ್ಬೊಬ್ಬರೇ ಬಂದು ನೋಡಿ, ಕಂಡದ್ದರ ಚಿತ್ರ ಹಾಳೆಯಲ್ಲಿ ಬರೆದು, ಭಾಗಗಳನ್ನು ವಿವರಿಸಬೇಕು. ಎಲ್ಲರ ಚಿತ್ರವೂ ಒಂದೇ ತರಹ, ಇಟ್ಟಿಗೆ ಗೋಡೆ ಕಟ್ಟಿದಂತೆ ಚೊಕ್ಕವಾಗಿತ್ತು.

ಶಿರೀಷಾ ಚೆನ್ನಾಗಿಯೇ ಶುರುಮಾಡಿದಳು. "ಭೂತಗನ್ನಡಿನೂ ಸೂಕ್ಷ್ಮದರ್ಶಕನೇ, ಆದ್ರೆ ಅದು ಸರಳ. ಒಂದೇ ಮಸೂರ. ಇದು ಸಂಯುಕ್ತ. ಕೆಳಗಿನ ಮಸೂರ ಹತ್ತರಷ್ಟು ದೊಡ್ಡದು ಮಾಡಿದ್ದನ್ನ ಕಣ್ಣಿಡೋ ಮಸೂರ ಮತ್ತೆ ಹತ್ತರಷ್ಟು ಮಾಡ್ತದೆ. ಅದಕ್ಕೆ ನೂರರಷ್ಟು." ಅವರಪ್ಪ ಕೂತಲ್ಲೇ ನೆಟ್ಟಗಾದರು.

ಆಮೇಲೆ ಅವಳ ಚಿತ್ರ ನೋಡಿದೆ. ಜೀವಕೋಶಗಳ ನಡುವೆ, ಗೋಡೆಗೆ ಅಡ್ಡವಾಗಿ, ಹುಣಿಸೆ ಬೀಜದಂಥ ಕಪ್ಪು ಮಚ್ಚೆ. ನನ್ನ ಕೈಯಲ್ಲಿ ಮೈಕಿತ್ತು.

"ಇದೇನಮ್ಮ, ಈರುಳ್ಳಿಗೆ ಹುಳ ಬಿಟ್ಟಿದ್ದೀಯ?" ಎಂದೆ. ಮಕ್ಕಳು ಗೊಳ್ಳೆಂದರು.

"ಅಲ್ಲಿ ಐತೆ ಮೇಡಂ."

"ಪುಸ್ತಕದಾಗೆ ಐತಾ?"

"ಇಲ್ಲ. ಆದ್ರೆ ಅಲ್ಲಿ ಐತೆ."

"ಇಲ್ಲದ್ದೆಲ್ಲ ಕಾಣೋರಿಗೆ ಸೈನ್ಸ್ ಹತ್ತಲ್ಲ ಕಣಮ್ಮ" ಎಂದುಬಿಟ್ಟೆ. ಅದೂ ಮೈಕಿನಲ್ಲಿ. ನಗು ಇನ್ನೂ ಜೋರಾಯಿತು. ಓಬಳೇಶಪ್ಪ ಎದ್ದರು. "ನಡಿಯಮ್ಮಾ, ಹೋಗಾಣ" ಎಂದು ಮಗಳನ್ನು ಕರೆದುಕೊಂಡು ಹೊರಟೇಹೋದರು.

ಮೇಳ ಮುಗಿದ ಮೇಲೆ ಪೆಟ್ಟಿಗೆಗೆ ಹಾಕುವ ಮುಂಚೆ ಸುಮ್ಮನೆ ಒಮ್ಮೆ ಕಣ್ಣಿಟ್ಟೆ. ಮಚ್ಚೆ ಇತ್ತು. ಸ್ಲೈಡನ್ನು ಸರಿಸಿದೆ. ಜೀವಕೋಶಗಳು ಸರಿದವು, ಮಚ್ಚೆ ಕದಲಲಿಲ್ಲ. ಕಣ್ಣಿಡುವ ಮಸೂರವನ್ನು ತಿರುಗಿಸಿದೆ. ಅದರ ಜೊತೆಗೇ ಮಚ್ಚೆಯೂ ತಿರುಗಿತು. ಆ ಮಸೂರವನ್ನು ಮೇಲಕ್ಕೆತ್ತಿ ನೋಡಿದರೆ ಅದರ ಕೆಳಗಿನ ಗಾಜಿಗೆ ಕುಂಕುಮದ ಚೂರು ಅಂಟಿಕೊಂಡಿತ್ತು. ಕೆಳಗಿಂದ ಬರುವ ಬೆಳಕಿಗೆ ಅಡ್ಡ ನಿಂತು ಅದೇ ಕಪ್ಪಾಗಿ ಕಂಡಿತ್ತು.

ಹಚ್ಚಿದ್ದು ನಾನೇ. ಆಯುಧ ಪೂಜೆಯ ದಿನ ನಮ್ಮ ಲ್ಯಾಬಿನಲ್ಲಿ ತಕ್ಕಡಿಗೂ ಮೈಕ್ರೋಸ್ಕೋಪಿಗೂ ಅರಿಶಿನ ಕುಂಕುಮ ಇಡುವುದು ರೂಢಿ. ಮಸೂರವನ್ನು ಬಿಚ್ಚಿ, ಒರೆಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟು, ಅದೇ ಬೆರಳಲ್ಲಿ ಮತ್ತೆ ಕೂರಿಸಿದ್ದೆ. ಬೆಳಿಗ್ಗೆ ನೋಡಿದಾಗಲೂ ಅದು ಅಲ್ಲಿದ್ದಿರಲೇಬೇಕು. ಈರುಳ್ಳಿ ಸಿಪ್ಪೆ ಹೀಗೇ ಇರುತ್ತದೆಂದು ಗೊತ್ತಿದ್ದ ನನ್ನ ಕಣ್ಣಿಗೆ ಬೀಳಲಿಲ್ಲ. ಉಳಿದ ಮಕ್ಕಳಿಗೂ ಕಂಡಿರಬೇಕು. ಅವರು ಪುಸ್ತಕದಲ್ಲಿದ್ದಂತೆ ಬರೆದರು. ಕಂಡದ್ದನ್ನು ಬರೆದವಳು ಅವಳೊಬ್ಬಳೇ.

ಮಸೂರವನ್ನು ಒರೆಸದೆ ಹಾಗೇ ಕೂರಿಸಿ, ಸ್ಲೈಡಿನ ಸಮೇತ ಮೈಕ್ರೋಸ್ಕೋಪನ್ನು ಎತ್ತಿಕೊಂಡು ಕಂಬದೂರು ಆಟೋ ನಿಲ್ಲುವ ಕಡೆಗೆ ಓಡಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಅಪ್ಪ ಮಗಳು ಇನ್ನೂ ಆಟೋ ತುಂಬುವುದನ್ನೇ ಕಾಯುತ್ತ ಕೂತಿದ್ದರು. ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿ, ಮೈಕ್ರೋಸ್ಕೋಪನ್ನು ಅವರ ಮುಂದಿಟ್ಟೆ. "ನೀವೇ ನೋಡಿ ಅಣ್ಣಾ" ಎಂದೆ.

ಅವರು ಒಂದು ಕಣ್ಣು ಮುಚ್ಚಿ ಬಗ್ಗಿದರು. "ಬರೀ ಕತ್ತಲು ಕಣಮ್ಮ." ಶಿರೀಷಾ ಕನ್ನಡಿಯನ್ನು ಬೆಳ್ಳಗಿದ್ದ ಆಕಾಶದ ಕಡೆಗೆ ವಾಲಿಸಿದಳು. "ಓಹೋ! ಗೋಡೆ ಕಟ್ಟಿದಂಗೈತೆ. ಅಗೋ, ಮಧ್ಯ ಕರಿ ಮಚ್ಚೆ!"

"ನಂಗೂ ತೋರ್ಸು ಮಾವಾ, ಯಾವ ಸಿನಿಮಾ ಅದು?" ಎಂದು ಆಟೋದವನೊಬ್ಬ ಕತ್ತು ತೂರಿಸಿದ.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಟೀ ಅಂಗಡಿಯಾಕೆ, "ಕುಂಕುಮ ಮೇಡಂದು, ಬೈಗುಳ ಹುಡ್ಗೀಗೆ. ಬಾಗುಂದಿ, ಚೆನ್ನಾಗೈತೆ ನ್ಯಾಯ!" ಎಂದಳು. ಸುತ್ತ ನಿಂತವರು ನಕ್ಕರು.

ಓಬಳೇಶಪ್ಪ ಮಾತ್ರ ನಗಲಿಲ್ಲ. "ಹಂಗಾರೆ ನನ್ನ ಮಗಳು ಸುಳ್ಳು ಬರ್ದಿಲ್ಲ. ಸರೇ ಬಿಡ್ರಮ್ಮ, ಸೈನ್ಸಿಗೇ ಸೇರಿಸ್ತೀನಿ. ಬಿಸಿಲಾಗೆ ಓಡಿ ಬಂದಿದ್ದೀರಿ, ಟೀ ಕುಡೀರಿ" ಎಂದರು.

ನಾನು ಶಿರೀಷಾಳ ಕೈ ಹಿಡಿದು, "ತಪ್ಪಾಯ್ತು ಕಣಮ್ಮ" ಎಂದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಇದನ್ನ ಮೈಕಿನಾಗೆ ಹೇಳ್ತೀರಾ ಮೇಡಂ?"

ಅಷ್ಟರಲ್ಲಿ ಅವರ ಆಟೋ ಹೊರಟಿತು. ನಾನು ವಾಪಸ್ಸು ಬರುವ ವೇಳೆಗೆ ಶಾಮಿಯಾನ ಬಿಚ್ಚಿದ್ದರು, ಮಕ್ಕಳೂ ಹೋಗಿದ್ದರು. ಆ ರಾತ್ರಿ ಸುಶೀಲಳ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ಮೈಕು ಹಿಡಿದು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ತಪ್ಪು ನನ್ನದು, ಸರಿಯಾಗಿ ನೋಡಿದವಳು ಶಿರೀಷಾ ಎಂದೆ. ಅವಳಿಗಾಗಿ ಸಾಲುಗಳಲ್ಲೆಲ್ಲ ಹುಡುಕಿದೆ. ಅವತ್ತು ಅವಳು ಶಾಲೆಗೇ ಬಂದಿರಲಿಲ್ಲ.

ಅವಳೀಗ ಇಂಟರ್‌ನಲ್ಲಿ ಸೈನ್ಸ್ ಓದುತ್ತಿದ್ದಾಳೆಂದು ಸುಶೀಲ ಹೇಳಿದಳು. ಕೇಳಿ ಸಮಾಧಾನವಾಯಿತು. ಆದರೆ ಅವತ್ತು ನನ್ನ ಮಾತು ಮುಗಿದಾಗ ಟೀಚರುಗಳೂ ಮಕ್ಕಳೂ ಜೋರಾಗಿ ಚಪ್ಪಾಳೆ ತಟ್ಟಿದ್ದರು. "ಎಂಥ ದೊಡ್ಡ ಮನಸ್ಸು ಮೇಡಂದು" ಎಂದು ಯಾರೋ ಅಂದರು. ಅವಳಿಗೆ ಸಿಕ್ಕಿದ್ದು ನಗು, ನನಗೆ ಸಿಕ್ಕಿದ್ದು ಚಪ್ಪಾಳೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.