ಅತ್ತೆ ಬೆರಳು ಮಡಚಿ ತೋರಿಸಿದ ಮದರಾಸು

ಅತ್ತೆಯ ಎಡಗೈ ಹೆಬ್ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಗಟ್ಟಿಯಾದ ಚರ್ಮದ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ರಾಗಿ ಕಾಳು ಒತ್ತಿ ತೆಗೆದ ಹಾಗೆ. ಆ ಬೆರಳಿನಿಂದ ಬಟ್ಟೆಯ ಅಂಚು ಸವರಿ, ಗುಂಡಿ ಎಲ್ಲಿ ಬರಬೇಕೋ ಅಲ್ಲೇ ಇಟ್ಟು ಹೊಲಿಯುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಅವರು ಹಾಕಿದ ಗುಂಡಿ, ಬಟ್ಟೆ ಹರಿದು ಚಿಂದಿಯಾದರೂ ಕಿತ್ತು ಬರುತ್ತಿರಲಿಲ್ಲ.

ಅವರು ನಮಗೆ ನೆಂಟರಲ್ಲ. ಲಕ್ಕೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ ಇತ್ತು, ಅಷ್ಟೇ ಸಂಬಂಧ. ಆಕೆಯನ್ನು ಅತ್ತೆ ಎನ್ನುತ್ತಿದ್ದೆ, ಆಕೆಯ ಗಂಡನನ್ನು ಮಾವ. ಮಾವ ದರ್ಜಿ. ಜಗಲಿಯ ಮೇಲೆ ಕೈಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಮಾವ ಹತ್ತು ಸೂಜಿಗೆ ದಾರ ಪೋಣಿಸಿ, ಕಂಬಕ್ಕೆ ಸುತ್ತಿದ ಬಟ್ಟೆಯಲ್ಲಿ ಸಾಲಾಗಿ ಚುಚ್ಚಿಡುವರು. ಅತ್ತೆ ಒಂದೊಂದನ್ನೇ ತೆಗೆದುಕೊಂಡು ಕೆಲಸಕ್ಕೆ ಕೂರುವರು. ಆಮೇಲೆ ದಿನವಿಡೀ ಮಿಷನ್ನಿನ ಸದ್ದು, ಅದರ ಮೇಲೆ ಮಾವನ ಮಾತು. ಬೀದಿಯಲ್ಲಿ ನಡೆದದ್ದನ್ನೆಲ್ಲ ಮಾವ ಹೇಳಬೇಕು, ಅತ್ತೆ ಕೇಳಬೇಕು.

“ಯಾರು ಹೋಗಿದ್ದು?”

“ಪಟೇಲರ ಸೊಸೆ. ಹಸಿರು ಸೀರೆ, ಹೊಸದು. ಕೈಯಲ್ಲಿ ಕೊಡ ಇಲ್ಲ, ಜಗಳಕ್ಕೇ ಹೊಂಟವ್ಳೆ.”

“ವಾಪಸ್ ಬರೋವಾಗ ಮುಖ ನೋಡಿ ಹೇಳಿ. ಗೆದ್ಲೋ ಸೋತ್ಲೋ ತಿಳೀಬೇಕು.”

ನಮ್ಮ ವಂಶದಲ್ಲಿ ಸ್ಲೇಟು ಹಿಡಿದವನು ನಾನೇ ಮೊದಲು. ಅಪ್ಪ ರಾಗಿ ಹೊಲ, ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇನೂ ಕಂಡವರಲ್ಲ. ನಾನು ಓದುವುದು ಸರಿಯೋ ತಪ್ಪೋ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ. ಅತ್ತೆ ಕೇಳಿದರು. ಶಾಲೆ ಬಿಟ್ಟ ಮೇಲೆ ಅವರ ಪಕ್ಕದಲ್ಲಿ ಕೂತು ಪಾಠವನ್ನೆಲ್ಲ ಗಟ್ಟಿಯಾಗಿ ಓದಬೇಕು. ಅವರಿಗೆ ಒಂದಕ್ಷರವೂ ಬಾರದು. ಆದರೆ ಆಟದ ಆತುರಕ್ಕೆ ನಾನು ಸಾಲು ಹಾರಿಸಿದರೆ ಅವರ ಸೂಜಿ ನಿಲ್ಲುತ್ತಿತ್ತು.

“ಲೇ, ಒಂದು ಸಾಲು ನುಂಗ್ದೆ.”

“ಇಲ್ಲ ಅತ್ತೆ.”

“ನುಂಗ್ದೆ ಕಣೋ. ಸುಳ್ಳು ಹೇಳೋವಾಗ ನಿನ್ನ ದನಿ ಮೆತ್ತಗಾಗುತ್ತೆ, ತುಪ್ಪ ಸವರಿದಂಗೆ. ಮೊದ್ಲಿಂದ ಓದು.”

ಹೀಗೆ ಎಂಟು ವರ್ಷ ನಡೆಯಿತು. ಕೋಲಾರದ ಹೈಸ್ಕೂಲಿಗೆ ಸೇರಿದ ಮೇಲೂ ರಜಕ್ಕೆ ಬಂದಾಗ ಇಂಗ್ಲಿಷ್ ಪಾಠವನ್ನೂ ಓದಿಸಿ ಕೇಳುತ್ತಿದ್ದರು. ಅರ್ಥವಾಗದಿದ್ದರೂ, ಎಲ್ಲಿ ತಡವರಿಸಿದೆ ಎಂದು ಹೇಳುತ್ತಿದ್ದರು. ನಾನು ಬಿ.ಎ. ಮಾಡಿದೆ ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಸುಲಭಕ್ಕೆ ಬಂದದ್ದಲ್ಲ ಅದು. ಆದರೆ ಅದರ ಮೊದಲ ಪಾಲು ಆ ಜಗಲಿಗೆ ಸೇರಬೇಕು. ಹಾಗಿದ್ದೂ ಆ ಜಗಲಿಯ ಮೇಲೆ ನಾನು ಮಾಡಿದ್ದೇನು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅತ್ತೆ ಹುಟ್ಟಿನಿಂದ ಹಾಗಿದ್ದವರಲ್ಲ. ನಾನು ಇನ್ನೂ ಶಾಲೆಗೆ ಸೇರುವ ಮುಂಚೆ ಅವರ ಕಣ್ಣು ಮಂಜಾಗುತ್ತ ಬಂತು. ಮಾವ ಅವರನ್ನು ಮಾಲೂರಿನಲ್ಲಿ ರೈಲು ಹತ್ತಿಸಿಕೊಂಡು ಮದರಾಸಿನ ಆಸ್ಪತ್ರೆಗೆ ಹೋದರು. ಅಲ್ಲಿ ಬೆಳಿಗ್ಗೆ ಎರಡೂ ಕಣ್ಣಿಗೆ ಮದ್ದು ಬಿಟ್ಟು, ಪಟ್ಟಿ ಕಟ್ಟಿ, ನಾಳೆ ಬನ್ನಿ ಎಂದು ಕಳಿಸುತ್ತಿದ್ದರಂತೆ. ಇಳಿದುಕೊಂಡಿದ್ದ ಛತ್ರದಲ್ಲಿ ಹಗಲು ಕೂರುವಂತಿರಲಿಲ್ಲ. ಹೀಗಾಗಿ ಒಂದು ತಿಂಗಳು ಮಾವ, ಪಟ್ಟಿ ಕಟ್ಟಿದ ಹೆಂಡತಿಯ ಕೈ ಹಿಡಿದು ಮದರಾಸನ್ನೆಲ್ಲ ನಡೆಸಿದರು. ಟಿಕೆಟ್ಟು ಕೇಳುವ ಕಡೆ ಹೋಗಲಿಲ್ಲ. ಯಾರೂ ಏನೂ ಕೇಳದೆ ನೋಡಲು ಬಿಡುವ ಜಾಗಗಳನ್ನೇ ಹುಡುಕಿದರು. ಕಂಡದ್ದನ್ನು ಮಾವ ಹೇಳಿದರು, ಅತ್ತೆ ಕೇಳಿದರು, ಕೈಗೆ ಸಿಕ್ಕಿದ್ದನ್ನು ಮುಟ್ಟಿದರು. ಕಣ್ಣು ಮಾತ್ರ ಬರಲಿಲ್ಲ.

ಇಂಟರ್ ಆದ ಮೇಲೆ ನನಗೆ ಮದರಾಸಿನಲ್ಲಿ ಒಂದು ಧರ್ಮ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಬಿ.ಎ. ಅಲ್ಲೇ ಎಂದು ಗೊತ್ತಾಯಿತು. ಮಾವ ನನಗೊಂದು ಕೋಟು ಹೊಲಿದರು. ಗುಂಡಿ ಹಾಕುತ್ತ ಅತ್ತೆ ಹೇಳಿದರು:

“ಕೈಯಲ್ಲಿ ಕಾಸಿಲ್ಲ ಅಂತ ಹಾಸ್ಟೆಲಲ್ಲಿ ಮುದುರ್ಕೊಂಡು ಕೂರ್ಬೇಡ ಕಣೋ. ದುಡ್ಡಿಲ್ದೆ ನೋಡೋದು ಐದೈತೆ ಅಲ್ಲಿ. ಎಣಿಸ್ಕೋ.”

ಕಿರುಬೆರಳು ಮಡಚಿದರು. ಸೆಂಟ್ರಲ್ ಸ್ಟೇಷನ್ನಿನ ಎದುರು ಟ್ರಾಮು. “ಗಂಟೆ ಹೊಡ್ಕೊಂಡು ಬರುತ್ತೆ. ಮೇಲೆ ತಂತೀಲಿ ಬೆಂಕಿ ಚಟ್ ಅನ್ನುತ್ತೆ.”

ಉಂಗುರದ ಬೆರಳು. ಸತ್ತ ಕಾಲೇಜು. ಸತ್ತ ಪ್ರಾಣಿಗಳನ್ನು ಇಟ್ಟಿರುವ ಮ್ಯೂಸಿಯಮ್ಮಿಗೆ ಅಲ್ಲಿಯ ಜನ ಹಾಗೆನ್ನುತ್ತಾರೆ. “ತಿಮಿಂಗಿಲದ ಪಕ್ಕೆಲುಬು ಮುಟ್ಟಿದೀನಿ. ನಮ್ಮನೆ ತೊಲೆ ಏನೂ ಅಲ್ಲ ಅದರ ಮುಂದೆ. ಕಾವಲುಗಾರ ಬೈದ. ಬೈಲಿ, ಮುಟ್ಟಿದ್ದನ್ನ ವಾಪಸ್ ತಗೋತಾನಾ?”

ನಡುಬೆರಳು, ಬಂದರಿನ ಹಡಗು. “ಅದು ಕೂಗಿದ್ರೆ ಕಿವೀಲಿ ಅಲ್ಲ, ಹೊಟ್ಟೇಲಿ ಕೇಳಿಸುತ್ತೆ.”

ತೋರುಬೆರಳು, ಸಮುದ್ರ. “ನೀರಲ್ಲಿ ಸುಮ್ನೆ ನಿಂತ್ಕೋ. ಅಲೆ ಹಿಂದಕ್ಕೆ ಹೋಗೋವಾಗ ಕಾಲ ಕೆಳಗಿನ ಮರಳನ್ನ ಕಿತ್ಕೊಂಡು ಹೋಗುತ್ತೆ. ಬಿದ್ದೇ ಹೋಗ್ತೀನಿ ಅನ್ನಿಸುತ್ತೆ. ಬೀಳಲ್ಲ.”

ಕೊನೆಗೆ ಹೆಬ್ಬೆರಳು. ಸಮುದ್ರದ ದಡದಲ್ಲಿ ಒಬ್ಬಳು ಕಲ್ಲಿನ ಹೆಂಗಸು. ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು ದೂರದ ಹಡಗು ನೋಡುತ್ತಿದ್ದಾಳೆ.

“ಅದನ್ನ ಮಾತ್ರ ಮುಟ್ಲಿಲ್ಲ. ಎತ್ತರ ಐತೆ, ಕೈಗೆ ಸಿಗಲ್ಲ ಅಂದ್ರು ನಿಮ್ಮಾವ. ಮುಖ ನನ್ನ ಥರಾನೇ ಐತಂತೆ. ನಾನು ಹೆಂಗಿದೀನಿ ಅಂತ ನಂಗೇ ಮರ್ತೋಗೈತೆ. ಸರಿಯಾಗಿ ನೋಡ್ಕೊಂಡು ಬಂದು ಹೇಳು.”

ಮಾವ ತಲೆ ಎತ್ತದೆ ಮಿಷನ್ನು ತಿರುಗಿಸುತ್ತಿದ್ದರು.

ಆ ಐದರ ಪಟ್ಟಿ ನನ್ನನ್ನು ಕಾಪಾಡಿತು. ಜೊತೆಯ ಹುಡುಗರು ಸಿನಿಮಾಕ್ಕೆ, ಹೋಟೆಲಿಗೆ ಹೋದಾಗ ನಾನು ಟ್ರಾಮಿನ ತಿರುವಿನಲ್ಲಿ ನಿಂತಿರುತ್ತಿದ್ದೆ. ತಿಮಿಂಗಿಲದ ಪಕ್ಕೆಲುಬನ್ನು ಕಾವಲುಗಾರನ ಕಣ್ಣು ತಪ್ಪಿಸಿ ನಾನೂ ಮುಟ್ಟಿದೆ. ಹಡಗಿನ ಕೂಗು ಹೊಟ್ಟೆಯಲ್ಲೇ ಕೇಳಿಸಿತು. ಮರಳು ಕಾಲ ಕೆಳಗಿನಿಂದ ಜಾರಿದಾಗ, ಬೀಳಲ್ಲ, ಬೀಳಲ್ಲ ಎಂದು ಅತ್ತೆಯ ದನಿಯಲ್ಲೇ ಹೇಳಿಕೊಂಡೆ. ಬಡವನ ಮಗನಿಗೆ ಆ ಊರಿನಲ್ಲಿ ನಾನೂ ಇರಬಹುದು ಅನ್ನಿಸಿದ್ದು ಆ ನಾಲ್ಕರಿಂದ.

ಐದನೆಯದು ಸಿಗಲಿಲ್ಲ. ದಡದುದ್ದಕ್ಕೂ ಎರಡು ಭಾನುವಾರ ನಡೆದೆ. ದೋಣಿ ಒಣಗಿಸುತ್ತಿದ್ದ ಬೆಸ್ತರನ್ನು ಕೇಳಿದೆ. ಅಂಥದ್ದು ಎಂದೂ ಇರಲಿಲ್ಲ ಎಂದು ನಕ್ಕರು. ಮೊದಲ ವರ್ಷದ ರಜದಲ್ಲಿ ಅತ್ತೆ ಕೇಳಿದಾಗ, ಇನ್ನೂ ಆ ಕಡೆ ಹೋಗಿಲ್ಲ ಎಂದು ತಪ್ಪಿಸಿಕೊಂಡೆ. ಅಷ್ಟರ ಮಟ್ಟಿಗೆ ಬುದ್ಧಿ ಇತ್ತು.

ಬಿ.ಎ. ಪಾಸಾದ ಮೇಲೆ ಅದೂ ಹೋಯಿತು. ಯುದ್ಧ ಶುರುವಾಗಿದ್ದ ಸಮಯ. ನಾನು ಊರಿಗೆ ಬಂದ ದಿನ ಮಾವನ ಜಗಲಿಯ ಮೇಲೆ ಜನವೋ ಜನ. ಪಟೇಲರು ಸರಿದು ಪಕ್ಕದಲ್ಲಿ ಜಾಗ ಕೊಟ್ಟರು. ಎಂದೂ ಅವರ ಮುಂದೆ ಕೂರದ ನನ್ನಪ್ಪ ಕೆಳಗೆ ನಿಂತು ನೋಡುತ್ತಿದ್ದರು. ನಾನು ಕೋಟು ಹಾಕಿಕೊಂಡು ಕೂತು ಮದರಾಸಿನ ವಿಷಯ ಹೇಳುತ್ತಿದ್ದೆ. ಅತ್ತೆ ಬಾಗಿಲ ಬಳಿ ಗುಂಡಿ ಹಾಕುತ್ತ ಕೇಳಿದರು.

“ನಾನು ಹೇಳಿದ್ದೆಲ್ಲಾ ನೋಡ್ದೇನೋ?”

“ನೋಡಿದೆ ಅತ್ತೆ. ನಾಲ್ಕೂ ನೋಡಿದೆ.”

“ಐದು ಕಣೋ.”

ಮಿಷನ್ನು ನಿಂತದ್ದು ನನಗೆ ಕೇಳಿಸಿತು. ಅಲ್ಲಾದರೂ ಬಾಯಿ ಮುಚ್ಚಬೇಕಿತ್ತು. ಆದರೆ ಇಪ್ಪತ್ತು ಜನ ನನ್ನ ಬಾಯಿ ನೋಡುತ್ತಿದ್ದರು.

“ಐದನೇದು ಇಲ್ಲ ಅತ್ತೆ. ದಡದಲ್ಲಿ ಅಂಥ ಬೊಂಬೆನೇ ಇಲ್ಲ.”

“ರಾಣಿ ಬೊಂಬೆ ಒಂದೈತೆ ಅಂತಾರಲ್ಲಪ್ಪ, ಅದೇ ಇರ್ಬೇಕು,” ಎಂದರು ಪಟೇಲರು. ಅವರಿಗಿದ್ದ ತಿಳಿವಳಿಕೆ ನನಗಿರಲಿಲ್ಲ.

“ರಾಣಿ ಕೂತಿದಾಳೆ ಪಟೇಲರೇ. ಇವರು ಹೇಳೋದು ನಿಂತಿರೋ ಹೆಂಗಸು.”

“ಹದಿನೈದು ವರ್ಷ ಆಯ್ತಲ್ಲೋ, ತೆಗ್ದಿರ್ತಾರೆ,” ಎಂದರು ಅತ್ತೆ, ಮೆಲ್ಲಗೆ.

“ಯಾವತ್ತೂ ಇರ್ಲಿಲ್ಲ ಅತ್ತೆ. ಅಲ್ಲೇ ಹುಟ್ಟಿ ಬೆಳೆದವರನ್ನ ವಿಚಾರಿಸಿದೀನಿ. ಮಾವ ನಿಮಗೆ ಕಟ್ಟಿ ಹೇಳಿದಾರೆ.”

ಯಾರೋ ಹಿಂದಿನಿಂದ ಕೂಗಿದರು: “ಏನ್ ದರ್ಜಿ, ಹೆಂಡ್ರಿಗೇ ಟೋಪಿ ಹೊಲ್ದು ಹಾಕ್ದಾ?” ಜಗಲಿ ಪೂರ್ತಿ ನಕ್ಕಿತು. ನಾನೂ ನಕ್ಕೆ. ಅದನ್ನೂ ಬರೆಯಬೇಕು. ನಾನೂ ನಕ್ಕೆ.

ಮಾವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ದಾರ ಮುಗೀತು,” ಎಂದು ಎದ್ದು ಒಳಗೆ ಹೋದರು. ದಾರ ಮುಗಿದಿರಲಿಲ್ಲ.

ನನಗೆ ಮುಳಬಾಗಿಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಸರಾ ರಜಕ್ಕೆ ಬಂದಾಗ ಪಕ್ಕದ ಜಗಲಿಯಲ್ಲಿ ಮಿಷನ್ನಿನ ಸದ್ದೊಂದೇ. ಸೂಜಿಗಳು ಎಂದಿನಂತೆ ಕಂಬದಲ್ಲಿದ್ದವು. ಅತ್ತೆ ಕೂತಿದ್ದರು. ಬೀದಿಯಲ್ಲಿ ಯಾರೋ ಹೋದರು. ಅತ್ತೆ ಕೇಳಲಿಲ್ಲ, ಮಾವ ಹೇಳಲಿಲ್ಲ.

“ಮಾವನಿಗೆ ಮೈ ಸರಿಯಿಲ್ವಾ? ಮಾತೇ ಇಲ್ಲ?” ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಒಲೆಯಿಂದ ತಿರುಗಲೂ ಇಲ್ಲ. “ನೀನೇ ಮುಚ್ಚಿಸಿದ್ಯಲ್ಲಪ್ಪ ಅವರ ಬಾಯಿ. ಯಾರು ಹೋಗಿದ್ದು ಅಂತ ಮೊದಮೊದಲು ನಿಮ್ಮತ್ತೆ ಕೇಳ್ತಿದ್ರು. ‘ನಾನೇನು ಕಂಡೆ, ಓದಿದೋರನ್ನ ಕೇಳು’ ಅಂದ್ರಂತೆ ನಿಮ್ಮಾವ. ಆಮೇಲೆ ಅವರೂ ಕೇಳೋದು ಬಿಟ್ರು.”

ಮಾವನ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಅವರು ನನ್ನ ಹೆಗಲು ಸವರಿ ನೋಡಿದರು. “ಪೋನೀಲೇರಾ. ಇಲ್ಲದ್ದನ್ನ ಐತೆ ಅಂತ ಹೇಳೋಕಾ ನೀನು ಓದಿದ್ದು? ಕೋಟು ಬಿಗಿಯಾಗೈತೆ, ಬಿಚ್ಚಿ ಕೊಡು, ಸಡ್ಲ ಮಾಡ್ತೀನಿ.” ತೆಲುಗಿನಲ್ಲಿ ಹೋಗಲಿ ಬಿಡು ಎಂದ ಆ ಒಂದು ಮಾತು ಎರಡು ಏಟಿಗಿಂತ ಹೆಚ್ಚು ನೋಯಿಸಿತು.

ಮಾವ ಮಾಲೂರಿಗೆ ದಾರ ತರಲು ಹೋಗಿದ್ದ ಒಂದು ಮಧ್ಯಾಹ್ನ, ಅತ್ತೆಯ ಪಕ್ಕದಲ್ಲಿ ಹೋಗಿ ಕೂತೆ. ರಾತ್ರಿಯೆಲ್ಲ ಯೋಚಿಸಿಟ್ಟಿದ್ದನ್ನು ಹೇಳಿದೆ. “ಅತ್ತೆ, ಮೊನ್ನೆ ಮತ್ತೆ ಮದರಾಸಿಗೆ ಹೋಗಿದ್ದೆ. ಅವತ್ತು ನಾನು ಪೂರ್ತಿ ಹುಡುಕಿರಲಿಲ್ಲ. ತೆಂಕಲಿಗೆ ಇನ್ನೂ ಮುಂದೆ ಹೋದ್ರೆ ಅವಳು ಸಿಕ್ತಾಳೆ. ಮುಖ ನಿಮ್ಮ ಥರಾನೇ ಇದೆ.”

ಸೂಜಿ ನಿಂತಿತು.

“ಲೇ. ಸಾಲು ನುಂಗೋವಾಗಿನ ದನಿ ಇನ್ನೂ ಹಂಗೇ ಐತಲ್ಲೋ.”

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮುಂದುವರಿಸಿದರು.

“ನಿಮ್ಮಾವ ಹೇಳಿದಾಗ್ಲೂ ಹಿಂಗೇ ಇತ್ತು ದನಿ. ಅವತ್ತು ಡಾಕ್ಟ್ರು ನನ್ನ ಹೊರಗೆ ಕೂರಿಸಿ ಅವರ ಜೊತೆ ಮಾತಾಡಿದ್ರು. ಆಸ್ಪತ್ರೆಯಿಂದ ಸಮುದ್ರದ ತಂಕ ಅವರು ಒಂದು ಮಾತೂ ಆಡ್ಲಿಲ್ಲ. ಕೈ ಮಾತ್ರ ಬಿಗಿಯಾಗಿ ಹಿಡ್ಕೊಂಡಿದ್ರು. ಮರಳ ಮೇಲೆ ಕೂತು ಎಷ್ಟೋ ಹೊತ್ತಾದ ಮೇಲೆ, ‘ಇಲ್ಲೊಬ್ಳು ಕಲ್ಲಿನ ಹೆಂಗ್ಸು ನಿಂತವ್ಳೆ, ನಿನ್ನ ಥರಾನೇ ಅವ್ಳೆ’ ಅಂದ್ರು. ಡಾಕ್ಟ್ರು ಏನಂದಿರ್ತಾರೆ ಅಂತ ಆಗ್ಲೇ ನಂಗೆ ತಿಳೀತು. ಮತ್ತೆ ನಾನು ಕೇಳ್ಲಿಲ್ಲ. ಅವರೂ ಹೇಳ್ಲಿಲ್ಲ.”

“ಹಾಗಾದ್ರೆ ನನ್ನ ಯಾಕೆ ನೋಡ್ಕೊಂಡು ಬಾ ಅಂದ್ರಿ?”

“ಅವರು ಅಲ್ಲೇ ಕೂತಿದ್ರಲ್ಲೋ. ನಾನಿನ್ನೂ ನಂಬಿದೀನಿ ಅಂತ ಅವರಿಗೆ ಕೇಳಿಸ್ಲಿ ಅಂತ. ನೀನು ಬಂದು ನೋಡ್ದೆ ಅಂತೀಯ ಅಂದ್ಕೊಂಡಿದ್ದೆ.” ಬಟ್ಟೆಯ ಅಂಚು ಸವರುತ್ತ ಹೇಳಿದರು: “ಎಂಟು ವರ್ಷ ಓದಿಸ್ದೆ ನಿನ್ನ.”

“ನಿಮಗೆ ಮೊದಲೇ ಗೊತ್ತಿತ್ತು ಅಂತ ಮಾವನಿಗೆ ಹೇಳಿಬಿಡಿ ಅತ್ತೆ.”

“ಏನಂತ ಹೇಳ್ಲಿ? ಹದಿನೈದು ವರ್ಷ ನಾನೂ ಆಟ ಕಟ್ಟಿದೆ ಅಂತಲಾ? ಇರೋ ಮಾನಾನೂ ಹೋಗುತ್ತೆ ಅವರದ್ದು. ಸುಮ್ನಿರು. ಆ ಸೂಜಿ ಕೊಡು.”

ಕೊಟ್ಟೆ. ನನ್ನ ಕೈ ಅವರ ಹೆಬ್ಬೆರಳಿಗೆ ತಾಗಿತು. ಅವರು ಆಮೇಲೆ ಆ ಮಾತನ್ನು ಎಂದೂ ಎತ್ತಲಿಲ್ಲ. ನನಗೆ ಓದು ಎಂದು ಮತ್ತೆ ಹೇಳಲೂ ಇಲ್ಲ.

ನಾಲ್ಕು ವರ್ಷ ಆ ಜಗಲಿ ಹಾಗೇ ಇತ್ತು. ಪಟೇಲರ ಸೊಸೆ ಎಷ್ಟು ಸಲ ಜಗಳಕ್ಕೆ ಹೋಗಿ ಬಂದಳೋ, ಅತ್ತೆಗೆ ಅವಳ ಸೀರೆಯ ಬಣ್ಣ ತಿಳಿಯಲಿಲ್ಲ. ಕಾಯಿಲೆ ಅವರ ಕಣ್ಣು ಕಿತ್ತುಕೊಂಡಿತ್ತು. ಉಳಿದಿದ್ದ ಇನ್ನೊಂದನ್ನು ಕಿತ್ತುಕೊಂಡವನು ನಾನು.

ಅತ್ತೆ ತೀರಿಕೊಂಡದ್ದು ಒಂದು ಬುಧವಾರ, ಹತ್ತು ದಿನದ ಜ್ವರದಲ್ಲಿ. ಅದಕ್ಕೆ ಮುಂಚಿನ ಭಾನುವಾರ ನಾನು ಊರಿನಲ್ಲಿದ್ದೆ. ನಡು ಮಧ್ಯಾಹ್ನ. ನಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಹುಡುಗರ ಉತ್ತರದ ಹಾಳೆ ತಿದ್ದುತ್ತಿದ್ದೆ. ಪಕ್ಕದ ಮನೆಯ ಮಿಷನ್ನು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಆಚೆಯಿಂದ ಮಾವನ ದನಿ ಕೇಳಿತು. ಅಷ್ಟು ವರ್ಷಕ್ಕೆ ಮೊದಲ ಸಲ.

“ಕೇಳಿಸ್ತಾ ಐತಾ? ಟ್ರಾಮು ಬಂತು ನೋಡು. ಗಂಟೆ ಹೊಡ್ಕೊಂಡು.”

ಅತ್ತೆ ಏನಂದರೋ ಕೇಳಿಸಲಿಲ್ಲ. ಮಾವ ಅವರ ಬೆರಳನ್ನು ಒಂದೊಂದಾಗಿ ಮಡಚುತ್ತಿದ್ದಿರಬೇಕು. ತಿಮಿಂಗಿಲದ ಪಕ್ಕೆಲುಬಿಗೆ ಬಂದರು, ಕಾವಲುಗಾರ ಬೈದದ್ದನ್ನು ಹೇಳಿದರು. ಹಡಗು ಕೂಗಿತು. “ಈಗ ನೀರಿಗೆ ಇಳಿ. ಹಿಡ್ಕೊಂಡಿದೀನಿ, ಬೀಳಲ್ಲ,” ಎಂದರು.

ಆಮೇಲೆ ದನಿ ನಿಂತಿತು. ಉಳಿದದ್ದು ಹೆಬ್ಬೆರಳು.

ನಾನು ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದೆ. ಮಾವ ಏನು ಹೇಳುತ್ತಾರೋ, ಯಾವ ದನಿಯಲ್ಲಿ ಹೇಳುತ್ತಾರೋ, ಅದನ್ನು ಕೇಳುವ ಹಕ್ಕು ನನಗಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ, ಹಿಪ್ಪುನೇರಳೆ ತೋಟದ ಆ ಕೊನೆಗೆ ನಡೆದು ನಿಂತೆ. ಮಿಷನ್ನಿನ ಸದ್ದು ಮತ್ತೆ ಕೇಳಿಬರುವವರೆಗೂ ಅಲ್ಲೇ ನಿಂತಿದ್ದೆ.